ಹಾರುವ ಜಮಖಾನೆಯ ಹಿಂದಿನ ಗಣಕಯಂತ್ರ

ಚಲನಚಿತ್ರವನ್ನು ನೋಡುವಾಗ ನಾವು ತಲೆಯನ್ನು ಎತ್ತ ತಿರುಗಿಸಿದರೂ ತೆರೆಯ ಮೇಲಿನ ಚಿತ್ರ ಬದಲಾಗುವುದಿಲ್ಲ. ತಲೆ ತಿರುಗಿದಂತೆ ದೃಶ್ಯವೂ ಬದಲಾಗಬೇಕಾದರೆ ಏನು ಮಾಡಬೇಕು? ಮಿಥ್ಯಾವಾಸ್ತವ, ಅಂದರೆ ವರ್ಚುವಲ್ ರಿಯಾಲಿಟಿ, ಎಂಬ ವಿದ್ಯೆ ಈ ಪ್ರಶ್ನೆಯಿಂದ ಹುಟ್ಟಿತು.

1968ರಲ್ಲಿ ಅಮೆರಿಕದ ವಿಜ್ಞಾನಿ ಐವಾನ್ ಸದರ್ಲೆಂಡರು ತಲೆಗೆ ತೊಡುವ ದರ್ಶಕವೊಂದನ್ನು ತೋರಿಸಿದರು. ಅದರಲ್ಲಿ ಕಾಣುತ್ತಿದ್ದುದು ಬರಿಯ ಗೆರೆಗಳ ಆಕೃತಿಗಳು. 1994ರಲ್ಲಿ ಫ್ಲಾರಿಡಾದ ಎಪ್ಕಾಟ್ ವಿಹಾರೋದ್ಯಾನದಲ್ಲಿ ಡಿಸ್ನಿ ಸಂಸ್ಥೆಯವರು ಬಣ್ಣಬಣ್ಣದ ನಗರವನ್ನೇ ಇಂತಹ ದರ್ಶಕದೊಳಗೆ ತಂದರು. ‘ಅಲಾದ್ದೀನ್’ ಚಿತ್ರದ ಆ ನಗರದಲ್ಲಿ ಪ್ರೇಕ್ಷಕನು ಮಾಯಾ ಜಮಖಾನೆಯನ್ನು ತಾನೇ ನಡೆಸುತ್ತ ಹಾರಬಹುದಾಗಿತ್ತು. 14 ತಿಂಗಳಲ್ಲಿ 45,000ಕ್ಕೂ ಹೆಚ್ಚು ಮಂದಿ ಹೀಗೆ ಹಾರಿದರು.

ಈ ವಿನೋದದ ಮುಖ್ಯ ಶತ್ರು ವಿಳಂಬ. ಪ್ರೇಕ್ಷಕನ ತಲೆ ಸೆಕೆಂಡಿಗೆ 60 ಡಿಗ್ರಿಯಂತೆ ತಿರುಗುತ್ತಿದೆಯೆಂದು ಭಾವಿಸೋಣ. ಚಿತ್ರವು ಸೆಕೆಂಡಿನ 20ರಲ್ಲಿ ಒಂದು ಭಾಗದಷ್ಟು ತಡವಾಗಿ ಬಂದರೆ, ಅಷ್ಟರಲ್ಲಿ ತಲೆ 3 ಡಿಗ್ರಿ ಮುಂದೆ ಹೋಗಿರುತ್ತದೆ. ಹುಣ್ಣಿಮೆಯ ಚಂದ್ರ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ. ಆದುದರಿಂದ ದೃಶ್ಯವು ಆರು ಚಂದ್ರರ ಅಗಲದಷ್ಟು ಹಿಂದೆ ಬಿದ್ದಂತಾಯಿತು. ಒಳಕಿವಿಯು ತಿರುಗುವಿಕೆಯನ್ನು ಕೂಡಲೇ ಅರಿಯುತ್ತದೆ. ಕಣ್ಣಿಗೆ ಅದು ತಡವಾಗಿ ತೋರುತ್ತದೆ. ಈ ಎರಡು ಸಾಕ್ಷಿಗಳು ಹೊಂದದಿದ್ದರೆ ತಲೆಸುತ್ತು, ವಾಕರಿಕೆ ಉಂಟಾಗಬಹುದು.

ಎಪ್ಕಾಟ್‌ನಲ್ಲಿ ಈ ಕೆಲಸಕ್ಕೆ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ‘ಆನಿಕ್ಸ್’ ಗಣಕಯಂತ್ರಗಳನ್ನು ಬಳಸಿದರು. ಆ ಸಂಸ್ಥೆಯ ‘ರಿಯಾಲಿಟಿ ಎಂಜಿನ್’ ಎಂಬ ಚಿತ್ರರಚನಾ ವ್ಯವಸ್ಥೆಯಲ್ಲಿ ಜ್ಯಾಮಿತಿಯ ಲೆಕ್ಕಕ್ಕೆಂದೇ 12ರವರೆಗೆ ಇಂಟೆಲ್ ಸಂಸ್ಕಾರಕಗಳನ್ನು ಜೋಡಿಸಬಹುದಾಗಿತ್ತು. ಇವು ಗೋಡೆ, ಗೋಪುರಗಳನ್ನು ತ್ರಿಕೋನಗಳಾಗಿ ಗಣಿಸುತ್ತವೆ. ಮುಂದಿನ ಮಂಡಲಗಳು ಆ ತ್ರಿಕೋನಗಳಿಗೆ ಬಿಂದುಬಿಂದುವಾಗಿ ಬಣ್ಣ ತುಂಬುತ್ತವೆ.

ಮದುವೆಯ ಮನೆಯಲ್ಲಿ ಹೋಳಿಗೆ ಮಾಡುವ ಕ್ರಮವೂ ಇದೇ. ಒಬ್ಬರು ಕಣಕದಲ್ಲಿ ಹೂರಣ ತುಂಬುತ್ತಾರೆ, ಒಬ್ಬರು ತಟ್ಟುತ್ತಾರೆ, ಮತ್ತೊಬ್ಬರು ಬೇಯಿಸುತ್ತಾರೆ. ಗಂಟೆಗೆ ಸಿದ್ಧವಾಗುವ ಹೋಳಿಗೆಗಳ ಸಂಖ್ಯೆ ಹೆಚ್ಚುತ್ತದೆ, ನಿಜ. ಆದರೆ ಒಂದೊಂದು ಹೋಳಿಗೆಯೂ ಮೂರು ಕೈಗಳನ್ನು ದಾಟಿಯೇ ಬರಬೇಕು. ಹಾಗೆಯೇ ಸೆಕೆಂಡಿಗೆ ಹೆಚ್ಚು ಚಿತ್ರಗಳು ಹೊರಬಂದ ಮಾತ್ರಕ್ಕೆ ವಿಳಂಬವು ಅಷ್ಟೇ ಪ್ರಮಾಣದಲ್ಲಿ ತಗ್ಗಿತೆಂದು ತಿಳಿಯಬಾರದು. ವಿದ್ಯಾರ್ಥಿಗಳು ಈ ಭೇದವನ್ನು ಚೆನ್ನಾಗಿ ಗಮನಿಸಬೇಕು.

ಆದುದರಿಂದ ಯಂತ್ರದ ವೇಗವೊಂದೇ ಸಾಲದು, ಅದರ ಹೊರೆಯನ್ನೂ ಇಳಿಸಬೇಕು. ಅದಕ್ಕೆ ಉಪಾಯಗಳುಂಟು. ಬೆನ್ನ ಹಿಂದಿರುವ ಕಟ್ಟಡಗಳನ್ನು ರಚಿಸುವ ಅಗತ್ಯವಿಲ್ಲ. ದೂರದ ಗೋಪುರಕ್ಕೆ ಕೆಲವೇ ತ್ರಿಕೋನಗಳು ಸಾಕು. ನೆರಳು ಬೆಳಕುಗಳನ್ನು ಪ್ರತಿಕ್ಷಣವೂ ಗಣಿಸುವ ಬದಲು ಕಲಾವಿದನು ಮೊದಲೇ ಗೋಡೆಗೆ ಬಳಿದಿಡಬಹುದು.

ಇಷ್ಟೆಲ್ಲ ಸಿದ್ಧತೆಯ ಬಳಿಕ ಎಪ್ಕಾಟ್‌ನ ತಂತ್ರಜ್ಞರು ಒಂದು ವಿಚಿತ್ರವನ್ನು ಕಂಡರು. ಅನೇಕ ಪ್ರೇಕ್ಷಕರು ತಲೆಯನ್ನು ಹೆಚ್ಚಾಗಿ ತಿರುಗಿಸುತ್ತಲೇ ಇರಲಿಲ್ಲ. ಸಿನೆಮಾ ನೋಡುವಂತೆ ನೇರವಾಗಿ ನೋಡುತ್ತಿದ್ದರು! ಸುತ್ತಲೂ ನೋಡಬಹುದೆಂದು ಅವರಿಗೆ ತಿಳಿಸಿಕೊಡಬೇಕಾಯಿತು.

2016ರಲ್ಲಿ ಮನೆಬಳಕೆಗೆ ಬಂದ ಆಕ್ಯುಲಸ್ ರಿಫ್ಟ್ ಸೆಕೆಂಡಿಗೆ 90 ಚಿತ್ರಗಳನ್ನು ತೋರಿಸುತ್ತಿತ್ತು. ಅದೇ 60 ಡಿಗ್ರಿಯ ವೇಗದಲ್ಲಿ ತಲೆ ತಿರುಗಿದರೆ, ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಎಷ್ಟು ಡಿಗ್ರಿಗಳ ಅಂತರವಾಗುವುದೆಂದು ಓದುಗರೇ ಲೆಕ್ಕ ಹಾಕಿ ನೋಡಲಿ.