ಹೂವುಂಟು, ಕಾಯಿಲ್ಲ

ನಿಮ್ಮ ಹಳದಿ ಪ್ಯಾಶನ್ ಫ್ರೂಟ್ ಬಳ್ಳಿ ಚಪ್ಪರವನ್ನೆಲ್ಲ ಆವರಿಸಿ, ನಿತ್ಯವೂ ಹೂ ಬಿಟ್ಟು, ಮರುದಿನವೇ ಅವನ್ನು ಅಂಗಳಕ್ಕೆ ಸುರಿಯುತ್ತಿರುವುದಕ್ಕೆ ಗೊಬ್ಬರದ ಕೊರತೆಯಾಗಲಿ ನೆರೆಯವರ ದೃಷ್ಟಿಯಾಗಲಿ ಕಾರಣವಲ್ಲ. ಈ ಜಾತಿ ಸ್ವಕೀಯ ಪರಾಗವನ್ನು ಸ್ವೀಕರಿಸದು. ಬೇರೆ ಬೀಜದಿಂದ ಹುಟ್ಟಿದ ಸಂಗಾತಿಯೊಂದನ್ನು (ಅದೇ ಬಳ್ಳಿಯ ತುಂಡನ್ನು ನೆಟ್ಟರೆ ವ್ಯರ್ಥ) ಪಕ್ಕದಲ್ಲಿ ಹಬ್ಬಿಸಿರಿ. ಹೂವರಳುವುದು ಮಧ್ಯಾಹ್ನದ ಸುಮಾರಿಗೆ. ಆಗ ಒಣಮರ ಕೊರೆದು ಗೂಡು ಮಾಡುವ ಕರಿಯ ದುಂಬಿ, ನೀವು ಬಹುಶಃ ಹೊಡೆದೋಡಿಸುತ್ತಿರುವ ಅದೇ ದುಂಬಿ, ಬಾರದಿದ್ದಲ್ಲಿ, ಒಂದು ಬಳ್ಳಿಯ ಹೂವಿನ ಐದು ಕೇಸರಗಳ ಪುಡಿಯನ್ನು ಬೆರಳ ತುದಿಯಿಂದ ತೆಗೆದು, ಇನ್ನೊಂದರ ಹೂವಿನ ನಡುವೆ ಬಾಗಿರುವ ಮೂರು ಶಲಾಕಾಗ್ರಗಳಿಗೆ ಮೃದುವಾಗಿ ಸವರತಕ್ಕದ್ದು. ನೇರಳೆ ಜಾತಿ ಒಂಟಿಯಾಗಿಯೇ ಕಾಯಿ ಕಟ್ಟುವುದಾದರೂ ಅದಕ್ಕೆ ಕೊಡಗಿನಂಥ ತಂಪು ಬೇಕು. ನಿಮ್ಮ ಕರಾವಳಿಯ ಸೆಕೆಗೆ ಹಳದಿಯೇ ಲೇಸು. ಕಾಯನ್ನು ಕೀಳಬೇಡಿ, ಹಣ್ಣಾದಾಗ ತಾನೇ ಉದುರುವುದು.