ವಿಮಾನ ಇಳಿಯುವ ಮುನ್ನವೇ ಬರುವ ಮೀಕಾತ್

ಬೆಂಗಳೂರಿನಿಂದ ಜಿದ್ದಾಕ್ಕೆ ಆಕಾಶಮಾರ್ಗದಲ್ಲಿ ಸುಮಾರು 4,200 ಕಿಲೋಮೀಟರ್. ನೇರ ವಿಮಾನಕ್ಕೆ ಇದು ಹೆಚ್ಚುಕಡಿಮೆ ಆರು ಗಂಟೆಯ ಹಾದಿ. ಅಲ್ಲಿನ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಆದ್ದರಿಂದ ಇಲ್ಲಿಂದ ಬೆಳಿಗ್ಗೆ 10ಕ್ಕೆ ಹೊರಟವರು ಅಲ್ಲಿನ ಮಧ್ಯಾಹ್ನ 1.30ರ ಸುಮಾರಿಗೆ ಇಳಿಯುತ್ತಾರೆ. ಉದ್ಯೋಗಕ್ಕೆ ಹೋಗುವವರಿಗೆ ಇಷ್ಟು ಲೆಕ್ಕ ಸಾಕು. ಆದರೆ ಹಜ್ಜ್ ಅಥವಾ ಉಮ್ರಾಕ್ಕೆ ಹೊರಟವರು ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು.

ಮಕ್ಕಾದತ್ತ ಬರುವ ಯಾತ್ರಿಕರು ಇಹ್ರಾಮ್ ಇಲ್ಲದೆ ದಾಟಬಾರದ ಗಡಿಗಳನ್ನು ಪ್ರವಾದಿವರ್ಯರು(ಸ) ನಿಶ್ಚಯಿಸಿದ್ದಾರೆ. ಇವೇ ಮೀಕಾತ್‌ಗಳು. ಹಿಂದೆ ಮುಂಬಯಿಯಿಂದ ಹಡಗಿನಲ್ಲಿ ಹೋಗುತ್ತಿದ್ದ ನಮ್ಮ ಹಿರಿಯರಿಗೆ ಯಲಮ್‌ಲಮ್ ಮೀಕಾತ್ ಆಗಿತ್ತು. ಅದು ಬರುವಷ್ಟರಲ್ಲಿ ಸಿದ್ಧರಾಗಲು ಅವರಿಗೆ ಹಲವು ದಿನಗಳಿರುತ್ತಿದ್ದವು. 1995ರಲ್ಲಿ ಆ ಹಡಗು ಯಾತ್ರೆ ನಿಂತಿತು. ಇಂದು ಜಿದ್ದಾಕ್ಕೆ ಹೋಗುವ ವಿಮಾನಗಳು ಸಾಮಾನ್ಯವಾಗಿ ತಾಯಿಫ್ ಬಳಿಯ ಕರ್ನುಲ್ ಮನಾಝಿಲ್‌ನ ಮೇಲಿಂದ ಅಥವಾ ಅದರ ನೇರದಿಂದ ಸಾಗುತ್ತವೆ. ಅದು ಇಳಿಯುವುದಕ್ಕೆ ಅರ್ಧ ಗಂಟೆಯೋ ಅದಕ್ಕೂ ಕಡಿಮೆಯೋ ಇರುವಾಗ. ಕೆಲವೇ ಕ್ಷಣಗಳಲ್ಲಿ ಗಡಿ ಹಿಂದೆ ಸರಿದುಬಿಡುತ್ತದೆ.

'ಜಿದ್ದಾದಲ್ಲಿ ಇಳಿದು ಸ್ನಾನ ಮಾಡಿ ಇಹ್ರಾಮ್ ಕಟ್ಟಿದರಾಯಿತು' ಎಂದು ಭಾವಿಸುವವರಿದ್ದಾರೆ. ಜಿದ್ದಾ ಇರುವುದು ಮೀಕಾತ್‌ನ ಒಳಗೆ. ವಿಮಾನದಲ್ಲಿ ಬರುವವರೂ ಮೀಕಾತ್‌ನ ನೇರಕ್ಕೆ ಬಂದಾಗಲೇ ಇಹ್ರಾಮ್ ಕಟ್ಟಬೇಕೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1986ರಲ್ಲಿ ಅಮ್ಮಾನ್‌ನ ಅಧಿವೇಶನದಲ್ಲಿ ತೀರ್ಮಾನಿಸಿದೆ. ಇಹ್ರಾಮ್ ಇಲ್ಲದೆ ದಾಟಿದವರು ಮರಳಿ ಮೀಕಾತ್‌ಗೆ ಹೋಗಬೇಕು; ಇಲ್ಲವಾದರೆ ಪ್ರಾಯಶ್ಚಿತ್ತವಾಗಿ ಕುರಿ ಬಲಿ ನೀಡಬೇಕೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲೇ ಸ್ನಾನ ಮುಗಿಸಿ. ಪುರುಷರು ಇಹ್ರಾಮಿನ ಎರಡು ಬಟ್ಟೆಗಳನ್ನು ಮನೆಯಲ್ಲೋ ವಿಮಾನ ನಿಲ್ದಾಣದಲ್ಲೋ ಉಟ್ಟುಕೊಳ್ಳಲಿ. ಬಟ್ಟೆಯನ್ನು ದೊಡ್ಡ ಪೆಟ್ಟಿಗೆಗೆ ತುಂಬಿ ಲಗೇಜಿಗೆ ಕೊಟ್ಟುಬಿಡುವ ತಪ್ಪು ಆಗದಿರಲಿ. ಬಟ್ಟೆ ಉಟ್ಟ ಮಾತ್ರಕ್ಕೆ ಇಹ್ರಾಮ್ ಆಗುವುದಿಲ್ಲ, ನಿಯ್ಯತ್‌ನಿಂದಲೇ ಆಗುತ್ತದೆ. ಮೀಕಾತ್ ಸಮೀಪಿಸುವಾಗ ನಿಯ್ಯತ್ ಮಾಡಿ ತಲ್ಬಿಯಾ ಹೇಳಿರಿ. ನಿದ್ದೆ ಹತ್ತೀತೆಂಬ ಅಥವಾ ಪ್ರಕಟಣೆ ಕೇಳಿಸದೆ ಹೋದೀತೆಂಬ ಭಯವಿದ್ದರೆ ಸ್ವಲ್ಪ ಮೊದಲೇ ಮಾಡಬಹುದು. ಮುಟ್ಟಿನಲ್ಲಿರುವ ಸಹೋದರಿಯರೂ ನಿಯ್ಯತ್ ಮಾಡಬೇಕು; ಶುದ್ಧಿಯಾಗುವ ತನಕ ತವಾಫ್ ಮಾತ್ರ ಮುಂದೂಡಬೇಕು.

ವಿಮಾನ ನೇರವಾಗಿ ಮದೀನಕ್ಕೆ ಹೋಗುವುದಾದರೆ, ಮತ್ತು ಮೊದಲು ಅಲ್ಲೇ ತಂಗುವ ಉದ್ದೇಶವಿದ್ದರೆ ಈ ಅವಸರವಿಲ್ಲ. ಅಲ್ಲಿಂದ 450 ಕಿಲೋಮೀಟರ್ ದೂರದ ಮಕ್ಕಾಕ್ಕೆ ಹೊರಡುವಾಗ ನಗರದ ಅಂಚಿನ ದುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟಿದರಾಯಿತು. ಆದ್ದರಿಂದ ಟಿಕೆಟ್ ಕೈಗೆ ಬಂದೊಡನೆ ಹೊರಡುವ ಗಂಟೆಯನ್ನಷ್ಟೇ ನೋಡಬೇಡಿ. ಮೊದಲು ಇಳಿಯುವ ನಗರ ಯಾವುದೆಂದು ನೋಡಿರಿ.

ಮನೆಯ ಹಿರಿಯರು ಜೀವಮಾನವಿಡೀ ಕಾಸು ಕೂಡಿಸಿ ಈ ಯಾತ್ರೆಗೆ ಹೊರಡುತ್ತಾರೆ. ಅವರ ಪೆಟ್ಟಿಗೆ ಕಟ್ಟಿಕೊಡುವ ಮಕ್ಕಳು ಈ ಒಂದು ವಿಷಯವನ್ನೂ ಅವರ ಪಕ್ಕದಲ್ಲಿ ಕುಳಿತು ತಿಳಿಸಿಕೊಟ್ಟರೆ ಅದು ದೊಡ್ಡ ಸೇವೆ. ಅಲ್ಲಾಹನು ಅವರ ಯಾತ್ರೆಯನ್ನು ಸ್ವೀಕರಿಸಲಿ. ಆಮೀನ್.