ಸಮನ್ಸ್ ಬಂತೇ? ಲೇಪಾಕ್ಷಿಯಿಂದ ಹಿಂದೂಪುರದ ಕೋರ್ಟಿಗೆ, ಹಂತ ಹಂತವಾಗಿ

ಆಂಧ್ರಪ್ರದೇಶದ ಲೇಪಾಕ್ಷಿ ಮಂಡಲದ ಬದುವಿನ ಜಗಳ, ಪ್ರಾಮಿಸರಿ ನೋಟಿನ ಸಾಲ, ಅಣ್ಣತಮ್ಮಂದಿರ ಪಾಲು ಊರಲ್ಲಿ ಬಗೆಹರಿಯದಿದ್ದರೆ ಹೋಗಿ ನಿಲ್ಲುವುದು ಸುಮಾರು 15 ಕಿಲೋಮೀಟರ್ ದೂರದ ಹಿಂದೂಪುರದ ಕೋರ್ಟಿನಲ್ಲಿ. ಲೇಪಾಕ್ಷಿಯ ವೀರಭದ್ರ ದೇವಸ್ಥಾನದಲ್ಲಿ ಕನ್ನಡ ಶಾಸನಗಳಿವೆ, ಕನ್ನಡ ಮನೆಮಾತಿನವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಆದರೆ ಕೋರ್ಟಿನ ಕಾಗದ ಬರುವುದು ತೆಲುಗಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಓದಲು ಬಾರದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದರೆ ಹೊಲವೇ ಕೈಬಿಟ್ಟು ಹೋಗಬಹುದು. ಅದಕ್ಕೇ ಈ ಬರಹ.

ಹಂತ 1: ಯಾವ ಬಾಗಿಲಿಗೆ ಹೋಗಬೇಕು?

ಅಡಂಗಲ್, 1-ಬಿ, ಪಟ್ಟಾದಾರ್ ಪಾಸ್‌ಬುಕ್ಕಿನಲ್ಲಿ ಹೆಸರು ತಪ್ಪಾಗಿದ್ದರೆ ಮೊದಲು ತಹಸೀಲ್ದಾರರ ಕಚೇರಿ. ಹೊಲ ಯಾರದು ಎಂಬುದೇ ತಕರಾರಾದರೆ ಸಿವಿಲ್ ಕೋರ್ಟು. ದಾವೆಯ ಮೌಲ್ಯ ನೋಡಿ ಜೂನಿಯರ್ ಸಿವಿಲ್ ಜಡ್ಜ್, ಸೀನಿಯರ್ ಸಿವಿಲ್ ಜಡ್ಜ್ ಅಥವಾ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಹೊಡೆದಾಟ, ಕಳ್ಳತನದ ದೂರು ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿ, ತನಿಖೆ ಮುಗಿದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಕೊಲೆಯಂಥ ಕೇಸುಗಳನ್ನು ಸೆಷನ್ಸ್ ಕೋರ್ಟು ವಿಚಾರಿಸುತ್ತದೆ.

ಗಡಿಯವರು ಒಂದು ಮಾತು ನೆನಪಿಡಬೇಕು. ನೀವು ಗೌರಿಬಿದನೂರಿನಲ್ಲಿ ನೆಲೆಸಿದ್ದರೂ ಹೊಲ ಲೇಪಾಕ್ಷಿಯಲ್ಲಿದ್ದರೆ ಅದರ ಹಕ್ಕಿನ ದಾವೆ ನಡೆಯುವುದು ಹೊಲವಿರುವ ಕಡೆಯ ಕೋರ್ಟಿನಲ್ಲೇ.

ಹಂತ 2: ಸಮನ್ಸ್ ತೆಗೆದುಕೊಳ್ಳಿ, ತಾರೀಖು ನೋಡಿ

ಕೋರ್ಟಿನವರು ಕಾಗದ ತಂದಾಗ "ನಾನು ತಗೊಳಲ್ಲ" ಎಂದರೆ ಕೇಸು ನಿಲ್ಲುವುದಿಲ್ಲ. ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಅದೇ ಜಾರಿಯಾಯಿತೆಂದು ಕೋರ್ಟು ಎಣಿಸಬಹುದು. ತೆಗೆದುಕೊಂಡು ಕೈಗೆ ಬಂದ ದಿನವನ್ನು ಅದರ ಮೇಲೇ ಬರೆದಿಡಿ. ಸಿವಿಲ್ ದಾವೆಯಲ್ಲಿ ನಿಮ್ಮ ಲಿಖಿತ ಉತ್ತರಕ್ಕೆ 30 ದಿನ ಕಾಲಾವಕಾಶವಿದೆ. ಸರಿಯಾದ ಕಾರಣವಿದ್ದರೆ ಕೋರ್ಟು 90 ದಿನದವರೆಗೆ ಬಿಡಬಹುದು. ನೀವು ಹೋಗದಿದ್ದರೆ ಎದುರಿನವರ ಮಾತನ್ನಷ್ಟೇ ಕೇಳಿ ತೀರ್ಪಾಗುತ್ತದೆ. ಹಾಗೆ ಆಗಿಹೋಗಿದ್ದರೂ ಕೈಚೆಲ್ಲಬೇಡಿ: ತೀರ್ಪಿನ ದಿನದಿಂದ, ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ತೀರ್ಪು ನಿಮಗೆ ಗೊತ್ತಾದ ದಿನದಿಂದ, 30 ದಿನದೊಳಗೆ ಅದನ್ನು ರದ್ದುಮಾಡಲು ಅರ್ಜಿ ಹಾಕಬಹುದು.

ಹಂತ 3: ವಕೀಲರನ್ನು ಹಿಡಿಯುವುದು

ದುಡ್ಡಿಲ್ಲವೆಂದು ಹಿಂಜರಿಯುವವರು ಮೊದಲು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿಯಿದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕನ್ನಡ ಬಲ್ಲ ವಕೀಲರೇ ಬೇಕೆಂದು ಬಾಯಿಬಿಟ್ಟು ಕೇಳಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕನ್ನಡದಲ್ಲಿ ಬರೆದ ಹಳೆಯ ಪತ್ರಗಳಿದ್ದರೆ ಅನುವಾದ ಮಾಡಿಸಿ ಜೊತೆಗಿಡಬೇಕಾಗುತ್ತದೆ. ಮೂಲಪತ್ರ ಜೋಪಾನ.

ಹಂತ 4: ವಾಯಿದೆಯ ದಿನ

ಬೆಳಿಗ್ಗೆ ಹತ್ತಕ್ಕೇ ಅಲ್ಲಿರಿ. ಹೊರಗೆ ಅಂಟಿಸಿದ ಪಟ್ಟಿಯಲ್ಲಿ ಕೇಸಿನ ನಂಬರು ನೋಡಿಕೊಳ್ಳಿ. ಹೆಸರು ಕೂಗಿದಾಗ ಒಳಗೆ ಹೋಗಿ. ಮುಂದಿನ ವಾಯಿದೆ ಯಾವಾಗ ಎಂದು ತಿಳಿಯದೆ ಹೊರಗೆ ಬರಬೇಡಿ. ಕೇಸಿಗೆ 16 ಅಕ್ಷರ–ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ವಾಯಿದೆ, ಆದೇಶ ಎಲ್ಲ ಮನೆಯಲ್ಲೇ ಕಾಣುತ್ತದೆ.

ಹೊಸಬರಿಗೆ ನನ್ನ ಸಲಹೆ: ನಿಮ್ಮ ಕೇಸು ಬರುವ ಮೊದಲೇ ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಅತ್ಯಾಚಾರ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂಥ ವಿಚಾರಣೆಗಳನ್ನು ಬಿಟ್ಟರೆ ಕೋರ್ಟು ಎಲ್ಲರಿಗೂ ತೆರೆದದ್ದು. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಹಂತ 5: ಸಾಕ್ಷಿ ಹೇಳುವುದು

ಇಡೀ ವ್ಯವಹಾರದಲ್ಲಿ ಕನ್ನಡದವರು ಅತಿ ಎಚ್ಚರವಾಗಿರಬೇಕಾದ ಜಾಗ ಇದು. ಸಿವಿಲ್ ಕೇಸಿನಲ್ಲಿ ನಿಮ್ಮ ಮುಖ್ಯ ಸಾಕ್ಷ್ಯವನ್ನು ವಕೀಲರ ಆಫೀಸಿನಲ್ಲೇ ಅಫಿಡವಿಟ್ ಆಗಿ ಟೈಪ್ ಮಾಡುತ್ತಾರೆ. ಅಲ್ಲಿ ಬರೆದದ್ದು ನಿಮ್ಮ ಮಾತೇ ಎಂದು ಲೆಕ್ಕ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡ ಮೇಲಷ್ಟೇ ಸಹಿ. ಚೆಕ್ಕುಬಂದಿ, ತಾರೀಖು, ಹಣದ ಮೊತ್ತವನ್ನು ಎರಡು ಸಲ ಕೇಳಿ, ಎದುರಿನ ವಕೀಲರು ಸವಾಲು ಹಾಕುವುದು ಅಲ್ಲಿಂದಲೇ.

ಬೋನಿನಲ್ಲಿ ನಿಂತಾಗ ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸಬೇಡಿ. "ಸ್ವಾಮಿ, ನನಗೆ ಕನ್ನಡ ಮಾತ್ರ ಬರುತ್ತೆ, ಕನ್ನಡದಲ್ಲಿ ಕೇಳಿಸಿ" ಅನ್ನಿ. ಇದು ದಾಕ್ಷಿಣ್ಯದ ಮಾತಲ್ಲ. ನೀವಾಡಿದ ಭಾಷೆ ಬಿಟ್ಟು ನಿಮಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ಬರೆದುಕೊಂಡರೆ ಅದನ್ನು ನಿಮ್ಮ ಭಾಷೆಯಲ್ಲಿ ಹೇಳಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆರ್ಡರಿನ 6ನೇ ನಿಯಮವಿದೆ. ಕ್ರಿಮಿನಲ್ ಕೇಸುಗಳಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 313ನೇ ಸೆಕ್ಷನ್ನಿನಲ್ಲೂ ಈ ರಕ್ಷಣೆಯಿದೆ. ಓದಿ ಹೇಳಿದಾಗ ತಪ್ಪು ಕಂಡರೆ ಅಲ್ಲೇ ಹೇಳಿ. ಮನೆಗೆ ಬಂದು ಹಳಹಳಿಸಿದರೆ ತಿದ್ದುವುದು ಬಹಳ ಕಷ್ಟ.

ಹಂತ 6: ರಾಜಿ, ಇಲ್ಲವೇ ತೀರ್ಪು

ನಡುವೆ ಲೋಕ ಅದಾಲತ್ತಿಗೆ ಕರೆ ಬರಬಹುದು. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸ್ಸು ಬರುತ್ತದೆ. ಆದರೆ ಆ ಆದೇಶದ ಮೇಲೆ ಅಪೀಲಿಲ್ಲ, ಆದ್ದರಿಂದ ನೆಂಟರ ಒತ್ತಾಯಕ್ಕೆ ಒಪ್ಪಬೇಡಿ.

ತೀರ್ಪೇ ಆಯಿತು, ಸೋತಿರಿ ಅನ್ನೋಣ. ಜೂನಿಯರ್ ಸಿವಿಲ್ ಜಡ್ಜರ ಡಿಕ್ರಿಯ ಮೇಲೆ ಅಪೀಲಿಗೆ 30 ದಿನ. ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ, ರಸೀದಿ ಇಟ್ಟುಕೊಳ್ಳಿ. ನಕಲು ಸಿಗಲು ಹಿಡಿದ ದಿನಗಳನ್ನು ಆ 30ರಲ್ಲಿ ಎಣಿಸುವುದಿಲ್ಲ. ಆದರೆ ನೀವು ಅರ್ಜಿ ಹಾಕಲು ತಡಮಾಡಿದ ದಿನಗಳನ್ನು ಎಣಿಸುತ್ತಾರೆ.